ಹಳೆಯ ಕಂಪ್ಯೂಟರಿನ ‘ಟಿಕ್ ಟಿಕ್’ ಸದ್ದಿಗೆ ಎಸ್‌ಎಂಪಿಎಸ್ ಬದಲಿಸುವ ಮುನ್ನ

ನಮ್ಮ ತಂದೆಯವರು 1980ರ ದಶಕದ ಕೊನೆಯಲ್ಲಿ ಅಂಗಡಿಯ ಲೆಕ್ಕಪತ್ರಕ್ಕಾಗಿ ಕೊಂಡಿದ್ದ ಎಕ್ಸ್‌ಟಿ ಮಾದರಿಯ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಚಾಲೂ ಮಾಡಲು ಹೊರಟ ನಾನು, ಅವಸರಪಟ್ಟು ಅದರ ಮದರ್‌ಬೋರ್ಡನ್ನೇ ಸುಟ್ಟುಬಿಟ್ಟೆ. ಅಂಥ ಯಂತ್ರವನ್ನು ಜೋಪಾನವಾಗಿ ಇಟ್ಟುಕೊಂಡಿರುವ ಬೇರೆಯವರಿಗೆ ಈ ನಷ್ಟವಾಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಸ್ವಿಚ್ ಹಾಕಿದಾಗ ಪರದೆಯಲ್ಲಿ ಏನೂ ಮೂಡಲಿಲ್ಲ. ಸೆಕೆಂಡಿಗೊಮ್ಮೆ ‘ಟಿಕ್’ ಎಂಬ ಸದ್ದು ಬರುತ್ತಿತ್ತು, ಪ್ರತಿ ಸದ್ದಿಗೂ ಫ್ಯಾನ್ ತುಸು ಅಲುಗಿ ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕಿನ ಸದ್ದಿರಬೇಕೆಂದು ಅದರ ವೈರನ್ನು ಬಿಚ್ಚಿದೆ. ಆದರೂ ನಿಲ್ಲದಿದ್ದಾಗ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಪೆಟ್ಟಿಗೆ) ಕೆಟ್ಟಿದೆಯೆಂದು ತೀರ್ಮಾನಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 200 ವ್ಯಾಟಿನದೊಂದನ್ನು ತಂದು, ಮೊದಲಿದ್ದ 130 ವ್ಯಾಟಿನದರ ಜಾಗದಲ್ಲಿ ಜೋಡಿಸಿ ಚಾಲೂ ಮಾಡಿದ ಕೂಡಲೇ, ಬೋರ್ಡಿನ ಮೇಲಿದ್ದ ಹನಿಯಾಕಾರದ ಟ್ಯಾಂಟಲಮ್ ಕೆಪ್ಯಾಸಿಟರೊಂದು (ವಿದ್ಯುತ್ತನ್ನು ತುಸು ಹಿಡಿದಿಡುವ ಬಿಡಿಭಾಗ) ಹೊತ್ತಿ ಉರಿದು, ಅದರ ಕೆಳಗಿನ ತಾಮ್ರದ ಗೆರೆಗಳು ಕರಕಲಾದವು.

ಹಳೆಯ ಎಸ್‌ಎಂಪಿಎಸ್ ಕೆಟ್ಟಿರಲೇ ಇಲ್ಲ. 12 ವೋಲ್ಟಿನ ದಾರಿಯಲ್ಲಿದ್ದ ಆ ಕೆಪ್ಯಾಸಿಟರ್ ಒಳಗೊಳಗೇ ಶಾರ್ಟ್ ಆಗಿದ್ದರಿಂದ, ಹಳೆಯ ಎಸ್‌ಎಂಪಿಎಸ್ ಪ್ರತಿ ಬಾರಿಯೂ ಶುರುವಾಗಿ, ಕರೆಂಟ್ ಮಿತಿಮೀರಿದ್ದನ್ನು ಗುರುತಿಸಿ ತಾನಾಗಿಯೇ ನಿಂತು, ಮತ್ತೆ ಶುರುವಾಗಲು ನೋಡುತ್ತಿತ್ತು; ನನಗೆ ಕೇಳಿಸಿದ್ದು ಆ ಪ್ರಯತ್ನದ ಸದ್ದು. ಹೆಚ್ಚು ಶಕ್ತಿಯ ಎಸ್‌ಎಂಪಿಎಸ್ ಮಾತ್ರ ನಿಲ್ಲದೆ, ಶಾರ್ಟ್ ಆದ ಜಾಗಕ್ಕೇ ಕರೆಂಟ್ ಹರಿಸಿತು.

ಪ್ಲಗ್ ಕಿತ್ತು, ಬೋರ್ಡಿನ ಎರಡೂ ಪವರ್ ಕನೆಕ್ಟರುಗಳನ್ನು ಬಿಚ್ಚಿ, ಬೋರ್ಡಿನ ಕಡೆಯ 12 ವೋಲ್ಟ್ ಪಿನ್ನಿಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್ ಹಿಡಿದಿದ್ದರೆ, ಕೆಲವೇ ಓಮ್ ತೋರಿಸಿ ದೋಷ ಎಲ್ಲಿದೆಯೆಂದು ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. 5 ವೋಲ್ಟ್, ಮೈನಸ್ 5 ಮತ್ತು ಮೈನಸ್ 12 ವೋಲ್ಟಿನ ಪಿನ್ನುಗಳನ್ನೂ ಹೀಗೆಯೇ ನೋಡಬೇಕು. ಎಸ್‌ಎಂಪಿಎಸ್ಸನ್ನು ಬೇರೆಯಾಗಿ ಪರೀಕ್ಷಿಸುವಾಗ ಲೋಡ್ (ಅದರಿಂದ ಕರೆಂಟ್ ಎಳೆಯುವ ಬಲ್ಬಿನಂಥದ್ದು) ಇಲ್ಲದೆ ಸ್ವಿಚ್ ಹಾಕಬೇಡಿ. ಆ ಕಾಲದ ಹಲವು ಎಸ್‌ಎಂಪಿಎಸ್‌ಗಳು ಲೋಡ್ ಇಲ್ಲದಿದ್ದರೆ ಶುರುವಾಗುವುದೇ ಇಲ್ಲ, ಅದನ್ನು ನೋಡಿ ಕೆಟ್ಟಿದೆಯೆಂದು ಎಸೆದವರಿದ್ದಾರೆ. ಕನೆಕ್ಟರುಗಳನ್ನು ಮರಳಿ ಹಾಕುವಾಗ ಎರಡರ ಕಪ್ಪು ವೈರುಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಉಳಿಯುವುದು ಕಷ್ಟ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಅನುಭವವಿಲ್ಲದವರು ದಯವಿಟ್ಟು ತೆರೆಯಬೇಡಿ. ನಮ್ಮ 230 ವೋಲ್ಟಿನ ಕರೆಂಟಿಗೆ ಅದರೊಳಗಿನ ದೊಡ್ಡ ಕೆಪ್ಯಾಸಿಟರುಗಳಲ್ಲಿ ಸುಮಾರು 320 ವೋಲ್ಟ್ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಸುಟ್ಟ ಗೆರೆಗಳನ್ನು ಸಣ್ಣ ವೈರಿನಿಂದ ಬೆಸೆದು ಹೊಸ ಕೆಪ್ಯಾಸಿಟರ್ ಹಾಕಿಸಿದರೂ ಬೋರ್ಡಿಗೆ ಜೀವ ಬರಲಿಲ್ಲ. ನಾನು ತೆಗೆದಿಟ್ಟಿದ್ದ ಹಳೆಯ ಎಸ್‌ಎಂಪಿಎಸ್‌ಗೆ ಕಾರಿನ ಬಲ್ಬುಗಳನ್ನು ಲೋಡಾಗಿ ಕೊಟ್ಟು ನೋಡಿದಾಗ, 5 ವೋಲ್ಟ್ ಮತ್ತು 12 ವೋಲ್ಟ್ ಎರಡೂ ಸರಿಯಾಗಿಯೇ ಬರುತ್ತಿದ್ದವು.