ಕೋಡ್ ಬರೆಯದೆ ಜಾಲತಾಣದಲ್ಲಿ ಪುಸ್ತಕಪಟ್ಟಿ: ಟೇಬಲ್‌ಪ್ರೆಸ್ ಪ್ಲಗಿನ್‌ನ ದೀರ್ಘಕಾಲದ ಬಳಕೆ

ಠಾಣೆ ಜಿಲ್ಲೆಯ ಉಪನಗರವೊಂದರಲ್ಲಿ ಭಾನುವಾರ ಮಾತ್ರ ತೆರೆಯುವ ಚಿಕ್ಕ ಕನ್ನಡ ಗ್ರಂಥಾಲಯದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗಿದೆ. ಆ ತಾಣದಲ್ಲಿ ಓದುಗರು ಎಲ್ಲಕ್ಕಿಂತ ಹೆಚ್ಚಾಗಿ ತೆರೆಯುವುದು ಪುಸ್ತಕಗಳ ಪಟ್ಟಿಯನ್ನು. ವಸಯಿಯಿಂದಲೋ ನವಿ ಮುಂಬಯಿಯಿಂದಲೋ ಎರಡು ಲೋಕಲ್ ರೈಲು ಬದಲಿಸಿ ಬರುವವರಿಗೆ ತಮಗೆ ಬೇಕಾದ ಪುಸ್ತಕ ಕಪಾಟಿನಲ್ಲಿದೆಯೇ, ಬೇರೆಯವರ ಮನೆಯಲ್ಲಿದೆಯೇ ಎಂಬುದು ಹೊರಡುವ ಮೊದಲೇ ಗೊತ್ತಾಗಬೇಕು. ಆ ಪಟ್ಟಿಯನ್ನು ನಾವು ವರ್ಡ್‌ಪ್ರೆಸ್‌ನ ಟೇಬಲ್‌ಪ್ರೆಸ್ ಎಂಬ ಪ್ಲಗಿನ್ ಮೂಲಕ ನಡೆಸುತ್ತಿದ್ದೇವೆ. ವರ್ಡ್‌ಪ್ರೆಸ್ ಎಂದರೆ ಜಾಲತಾಣ ಕಟ್ಟುವ ತಂತ್ರಾಂಶ; ಪ್ಲಗಿನ್ ಎಂದರೆ ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ. ನಮ್ಮಲ್ಲಿ ಕೋಡ್ ಬರೆಯಬಲ್ಲವರು ಯಾರೂ ಇಲ್ಲ. ಹಾಗಿದ್ದೂ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ ಎಂಬುದೇ ಈ ವಿಮರ್ಶೆಗೆ ಕಾರಣ.

ಟೇಬಲ್‌ಪ್ರೆಸ್ ಹೊಸದಲ್ಲ. ಜರ್ಮನಿಯ ಟೋಬಿಯಾಸ್ ಬೇಟ್ಗೆ ಅವರು ತಮ್ಮ ಹಳೆಯ ಡಬ್ಲ್ಯುಪಿ-ಟೇಬಲ್ ರೀಲೋಡೆಡ್ ಪ್ಲಗಿನ್‌ನ ಉತ್ತರಾಧಿಕಾರಿಯಾಗಿ ಇದನ್ನು 2012ರಲ್ಲಿ ಹೊರತಂದರು. 2022ರಲ್ಲಿ ಬಂದ 2.0 ಆವೃತ್ತಿಯೊಡನೆ ಹಣ ಕೊಟ್ಟು ಪಡೆಯುವ ಪ್ರೊ ಮತ್ತು ಮ್ಯಾಕ್ಸ್ ಎಂಬ ರೂಪಗಳೂ ಸೇರಿಕೊಂಡವು. ನಾವು ಬಳಸುತ್ತಿರುವುದು ಉಚಿತ ಆವೃತ್ತಿ. ಓದುಗರು ಪಟ್ಟಿಯಲ್ಲಿ ಹುಡುಕಲು, ಕಾಲಮ್ಮಿನ ಶೀರ್ಷಿಕೆಯನ್ನು ಒತ್ತಿ ವಿಂಗಡಿಸಲು, ಪುಟದಿಂದ ಪುಟಕ್ಕೆ ಸಾಗಲು ಬೇಕಾದ ವ್ಯವಸ್ಥೆಯನ್ನೆಲ್ಲ ಒದಗಿಸುವುದು ಡೇಟಾಟೇಬಲ್ಸ್ ಎಂಬ ಪ್ರಸಿದ್ಧ ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಸಂಗ್ರಹ. ಆ ಲೈಬ್ರರಿಯನ್ನು ನೇರವಾಗಿ ಬಳಸಬೇಕಾದರೆ ಕೋಡ್ ಬೇಕು. ಟೇಬಲ್‌ಪ್ರೆಸ್ ಅದರ ಮುಖ್ಯ ಸೌಲಭ್ಯಗಳನ್ನು ಟಿಕ್ ಹಾಕುವ ಚೌಕಗಳಾಗಿ ನಮ್ಮ ಮುಂದಿಡುತ್ತದೆ.

ಇದಕ್ಕೂ ಮೊದಲು ಪಟ್ಟಿ ಪಿಡಿಎಫ್ ರೂಪದಲ್ಲಿತ್ತು. ಮೊಬೈಲಿನಲ್ಲಿ ಅದನ್ನು ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದಬೇಕಿತ್ತು. ಆಮೇಲೆ ಕೆಲಕಾಲ ಗೂಗಲ್ ಶೀಟ್ಸ್‌ನ ಹಾಳೆಯೊಂದನ್ನು ವೆಬ್‌ಗೆ ಪ್ರಕಟಿಸಿ ಪುಟದೊಳಗೆ ಕೂರಿಸಿದೆವು. ಹಾಳೆಯಲ್ಲಿ ತಿದ್ದಿದರೆ ಸ್ವಲ್ಪ ಹೊತ್ತಿನಲ್ಲೇ ತಾಣದಲ್ಲೂ ಬದಲಾಗುವುದು ಆ ಕ್ರಮದ ನಿಜವಾದ ಅನುಕೂಲ, ಮತ್ತು ದಿನಕ್ಕೆ ಹಲವು ಬಾರಿ ಬದಲಾಗುವ ಮಾಹಿತಿಗೆ ಇಂದಿಗೂ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ಹಾಗೆ ಕೂರಿಸಿದ ಹಾಳೆ ನಮ್ಮ ಪುಟದೊಳಗಿನ ಒಂದು ಕಿಟಕಿಯಲ್ಲಿ ತೋರುವ ಬೇರೆಯದೇ ಪುಟವಾದ್ದರಿಂದ, ಅದರೊಳಗಿನ ಹೆಸರುಗಳನ್ನು ಹುಡುಕುಯಂತ್ರಗಳು ನಮ್ಮ ತಾಣದ ಪಠ್ಯವೆಂದು ಎಣಿಸುತ್ತವೆಂಬ ಭರವಸೆಯಿಲ್ಲ. ಓದುಗರಿಗೆ ಹುಡುಕುವ ಪೆಟ್ಟಿಗೆಯೂ ಸಿಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲೇ ಇರುವ ಟೇಬಲ್ ಬ್ಲಾಕ್ ಕಾರ್ಯಕ್ರಮದ ವೇಳಾಪಟ್ಟಿಯಂಥ ಸಣ್ಣ ಕೋಷ್ಟಕಕ್ಕೆ ಸಾಕು. ವಿಂಗಡಣೆ, ಹುಡುಕಾಟ ಎರಡೂ ಅದರಲ್ಲಿಲ್ಲ.

ಟೇಬಲ್‌ಪ್ರೆಸ್‌ನಲ್ಲಿ ನಾವು ಮಾಡುವ ಕೆಲಸದ ಬಹುಪಾಲು ಒಂದೇ ಬಗೆಯದು. ಎಕ್ಸೆಲ್ ಕಡತವನ್ನು ಆಮದು ಮಾಡುವಾಗ ಹೊಸ ಕೋಷ್ಟಕ ರಚಿಸಬೇಕೇ, ಇರುವ ಕೋಷ್ಟಕದ ಜಾಗದಲ್ಲಿ ಇದನ್ನಿಡಬೇಕೇ, ಅಥವಾ ಅದರ ಕೊನೆಗೆ ಸೇರಿಸಬೇಕೇ ಎಂದು ಅದು ಕೇಳುತ್ತದೆ. ಎರಡನೆಯದನ್ನು ಆರಿಸಿದರೆ ಕೋಷ್ಟಕದ ಗುರುತಿನ ಸಂಖ್ಯೆ ಬದಲಾಗುವುದಿಲ್ಲ. ಪುಟದಲ್ಲಿ ಇಟ್ಟಿರುವುದು ಆ ಸಂಖ್ಯೆಯನ್ನು ಹೊತ್ತ ಒಂದು ಶಾರ್ಟ್‌ಕೋಡ್ (ಚೌಕ ಆವರಣದೊಳಗಿನ ಪುಟ್ಟ ಸಂಕೇತ) ಅಥವಾ ಬ್ಲಾಕ್ ಮಾತ್ರವಾದ್ದರಿಂದ ಪುಟವನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಈ ಒಂದು ಗುಣಕ್ಕಾಗಿಯೇ ನಾನು ಈ ಪ್ಲಗಿನ್‌ಗೆ ಅಂಟಿಕೊಂಡಿದ್ದೇನೆ ಎಂದರೂ ತಪ್ಪಾಗದು. ನಮ್ಮ ಗ್ರಂಥಪಾಲಕಿ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಕ್ಸೆಲ್ ಅವರಿಗೆ ಚೆನ್ನಾಗಿ ಗೊತ್ತು, ವರ್ಡ್‌ಪ್ರೆಸ್ ಗೊತ್ತಿರಲಿಲ್ಲ. ಈಗ ಅವರು ಸಂಪಾದಕರ ಹಂತದ ಖಾತೆಯಿಂದಲೇ ಕಡತವನ್ನು ಬದಲಿಸುತ್ತಾರೆ. ತಾಣದ ಉಳಿದ ವ್ಯವಸ್ಥೆಯ ಕೀಲಿಕೈಯನ್ನು ಅವರಿಗೆ ಕೊಡುವ ಅಗತ್ಯ ಬೀಳಲಿಲ್ಲ. ಒಂದೆರಡು ಪುಸ್ತಕ ಹಿಂದಿರುಗಿದಾಗ ಕಡತದ ಗೊಡವೆಯೂ ಬೇಡ. 2.0ರ ನಂತರ ಕೋಷ್ಟಕ ತಿದ್ದುವ ಪುಟವೇ ಎಕ್ಸೆಲ್ ಹಾಳೆಯಂತೆ ವರ್ತಿಸುತ್ತದೆ. ಬಲಗುಂಡಿ ಒತ್ತಿ ಸಾಲು ಸೇರಿಸಬಹುದು, ತೆಗೆಯಬಹುದು, ನಕಲಿಸಬಹುದು.

ಕನ್ನಡದ ಮಾಹಿತಿಯನ್ನು ಹಾಕುವವರು ಮೊದಲು ಎದುರಿಸುವ ತೊಡಕು ಪ್ಲಗಿನ್‌ಗೆ ಸಂಬಂಧಿಸಿದ್ದೇ ಅಲ್ಲ. ಬಹುತೇಕ ಸಂಘಗಳ ಹಳೆಯ ಪಟ್ಟಿಗಳು ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿವೆ. ಆ ಕಡತದಲ್ಲಿ ನಿಜಕ್ಕೂ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೆ. ಅದನ್ನು ಎಲ್ಲ ಲಿಪಿಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್‌ಗೆ ಪರಿವರ್ತಿಸದೆ ಆಮದು ಮಾಡಿದರೆ ತಾಣದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಒತ್ತಕ್ಷರಗಳೂ ಅರ್ಕಾವತ್ತೂ ಇರುವ ಸಾಲುಗಳನ್ನು ಕಣ್ಣಿಟ್ಟು ಓದಿ ನೋಡಲೇಬೇಕು. ಎರಡನೆಯದಾಗಿ, ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತವಾಗಿ) ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುವ ಸಂಭವವಿದೆ. ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯಿಂದ ಉಳಿಸಬೇಕು, ಇಲ್ಲವೇ ಎಕ್ಸೆಲ್ ಕಡತವನ್ನೇ ನೇರವಾಗಿ ಆಮದು ಮಾಡಬೇಕು. ನಾವು ಎರಡನೆಯ ದಾರಿಯನ್ನೇ ಅನುಸರಿಸುತ್ತೇವೆ. ಪುಸ್ತಕಗಳ 13 ಅಂಕಿಯ ಐಎಸ್‌ಬಿಎನ್ (ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಹಾಕುವವರು ಆ ಕಾಲಮ್ಮನ್ನು ಎಕ್ಸೆಲ್‌ನಲ್ಲಿ ಮೊದಲೇ ಪಠ್ಯವೆಂದು ಗುರುತು ಮಾಡಿಡಬೇಕು. ಇಲ್ಲವಾದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆಯೆಂದು ತಿಳಿದು ಘಾತ ರೂಪದಲ್ಲಿ (9.78E+12 ಎಂಬಂತೆ) ಮೊಟಕಾಗಿ ತೋರಿಸುತ್ತದೆ.

ವಿಂಗಡಣೆಯ ವಿಷಯದಲ್ಲಿ ಕನ್ನಡಿಗರು ಸ್ವಲ್ಪ ಯೋಚಿಸಿ ಕೆಲಸ ಮಾಡಬೇಕಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಕೊಟ್ಟಿರುವ ಸಂಖ್ಯೆಗಳ ಸಾಲಿನಲ್ಲಿ ಳಕಾರವು ಲಕಾರದ ಬೆನ್ನಿಗೇ, ವಕಾರಕ್ಕೆ ಮೊದಲು ಬರುತ್ತದೆ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಆದ್ದರಿಂದ ಕೇವಲ ಆ ಸಂಖ್ಯೆಗಳನ್ನು ನೆಚ್ಚಿ ನಡೆಯುವ ವಿಂಗಡಣೆಯಲ್ಲಿ 'ಕಳ' ಎಂದು ಶುರುವಾಗುವ ಶೀರ್ಷಿಕೆ 'ಕವಿ'ಗಿಂತ ಮೊದಲು ಬಂದು ಕೂರುತ್ತದೆ, ನಿಘಂಟು ನೋಡಿ ರೂಢಿಯಿದ್ದವರು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಡೇಟಾಟೇಬಲ್ಸ್ ಲೈಬ್ರರಿಯ ಆವೃತ್ತಿಯನ್ನೂ ಬ್ರೌಸರನ್ನೂ ಅವಲಂಬಿಸಿ ಫಲಿತಾಂಶ ಬೇರೆಯಾಗಬಹುದಾದ ಇಂಥ ಕಡೆ ನಾನು ಕಂಡುಕೊಂಡ ಭದ್ರವಾದ ದಾರಿ, ಎಕ್ಸೆಲ್‌ನಲ್ಲೇ ಪಟ್ಟಿಯನ್ನು ನಮಗೆ ಬೇಕಾದ ಕ್ರಮದಲ್ಲಿ ಜೋಡಿಸಿ, ಕ್ರಮಸಂಖ್ಯೆಯ ಒಂದು ಕಾಲಮ್ಮನ್ನು ಮೊದಲಿಗೆ ಇಡುವುದು. ಆ ಸಂಖ್ಯೆಗಳನ್ನು 1, 2, 3 ಎಂದೇ ಬರೆಯಬೇಕು. ಕನ್ನಡ ಅಂಕಿಗಳನ್ನು ಬಳಸಬೇಕೆಂಬ ಆಸೆ ನನಗೂ ಇತ್ತು, ಆದರೆ ಅವುಗಳನ್ನು ತಂತ್ರಾಂಶ ಸಂಖ್ಯೆಯೆಂದು ಎಣಿಸದೆ ಪಠ್ಯವೆಂದು ಎಣಿಸಿದರೆ ೧೦ ಎಂಬುದು ೨ಕ್ಕಿಂತ ಮೊದಲು ಬರುತ್ತದೆ. ದಿನಾಂಕಕ್ಕೂ ಇದೇ ಮಾತು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಯಾವ ಹೊಂದಿಕೆಯೂ ಇಲ್ಲದೆ ಸರಿಯಾಗಿ ವಿಂಗಡಣೆಯಾಗುತ್ತದೆ; ನಮ್ಮ ರೂಢಿಯಂತೆ ದಿನವನ್ನು ಮುಂದಿಟ್ಟು ಬರೆದರೆ ಆ ಭರವಸೆಯಿಲ್ಲ. ಬೆಲೆಯ ಕಾಲಮ್ಮಿನಲ್ಲಿ ರೂಪಾಯಿ ಚಿಹ್ನೆಯನ್ನು ಶೀರ್ಷಿಕೆಗೆ ಮಾತ್ರ ಮೀಸಲಿಟ್ಟು ಕೋಷ್ಟಕದ ಮನೆಗಳಲ್ಲಿ ಬರಿಯ ಅಂಕಿಗಳನ್ನು ಬರೆಯುವುದು ಒಳ್ಳೆಯದು.

ಹುಡುಕುವ ಪೆಟ್ಟಿಗೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಓದುಗರಿಗೆ ಹೆಚ್ಚು ಉಪಯೋಗವಾಗಿರುವುದು ಇದೇ. ಪದದ ಒಂದು ಭಾಗವನ್ನು ಬರೆದರೂ ಸಾಕು, ಎರಡು ಪದಗಳನ್ನು ಹಿಂದುಮುಂದಾಗಿ ಬರೆದರೂ ಸಾಕು, ಆ ಸಾಲುಗಳು ಮಾತ್ರ ಉಳಿದು ಮಿಕ್ಕವು ಮರೆಯಾಗುತ್ತವೆ. ಆದರೆ ಬರವಣಿಗೆಯ ಭೇದಗಳನ್ನು ಅದು ತಾನಾಗಿ ಊಹಿಸಲಾರದು. ಪಟ್ಟಿಯಲ್ಲಿ 'ಕಾರಂತ್' ಎಂದಿದ್ದು ಓದುಗರು 'ಕಾರಂತ' ಎಂದು ಬರೆದರೆ ಸಿಕ್ಕೀತು, ಅದೇ ಪಟ್ಟಿಯಲ್ಲಿ 'ಕಾರಂತ' ಎಂದಿದ್ದು ಓದುಗರು 'ಕಾರಂತ್' ಎಂದು ಬರೆದರೆ ಸಿಗುವುದಿಲ್ಲ. ಲೇಖಕರೊಬ್ಬರ ಹೆಸರು ಒಂದು ಸಾಲಿನಲ್ಲಿ ಇನಿಷಿಯಲ್‌ಗಳೊಡನೆ, ಮತ್ತೊಂದರಲ್ಲಿ ಪೂರ್ಣವಾಗಿ, ಇನ್ನೊಂದರಲ್ಲಿ ಕಾವ್ಯನಾಮವಾಗಿ ಇದ್ದರೆ ಅವರ ಪುಸ್ತಕಗಳು ಮೂರು ಕಡೆ ಚದುರುತ್ತವೆ. ಹೀಗಾಗಿ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಕೆಲಸಕ್ಕೆ ನಮ್ಮ ಗ್ರಂಥಪಾಲಕಿ ವಾರಗಟ್ಟಲೆ ಕೂತರು, ಮತ್ತು ಈ ಪಟ್ಟಿ ಇಂದು ಉಪಯೋಗಕ್ಕೆ ಬರುತ್ತಿರುವುದರಲ್ಲಿ ಪ್ಲಗಿನ್‌ಗಿಂತ ಅವರ ಆ ಶ್ರಮದ ಪಾಲೇ ದೊಡ್ಡದು. ಕಣ್ಣಿಗೆ ಕಾಣದ ಇನ್ನೊಂದು ತೊಡಕೂ ಇದೆ. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಾಗದಂತೆ ತಡೆಯಲು ನಾವು ನಡುವೆ ಬರೆಯುವ ಅಗೋಚರ ಅಕ್ಷರವೊಂದಿದೆ. 'ಮಾರ್ಕ್ಸ್‌ವಾದ' ಎಂಬಂಥ ಪದದಲ್ಲಿ ಪಟ್ಟಿಯವರು ಅದನ್ನು ಬರೆದು ಓದುಗರು ಬಿಟ್ಟರೆ ಎರಡೂ ತಾಳೆಯಾಗುವುದಿಲ್ಲ.

ಮುಂಬಯಿಯ ಕನ್ನಡ ಮನೆಗಳ ಸ್ಥಿತಿಯನ್ನು ಬಲ್ಲವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಇಲ್ಲಿ ಹುಟ್ಟಿ ಇಂಗ್ಲಿಷ್ ಅಥವಾ ಮರಾಠಿ ಶಾಲೆಯಲ್ಲಿ ಕಲಿತ ಅನೇಕರು ಮನೆಯಲ್ಲಿ ಕನ್ನಡವನ್ನು, ತುಳುವನ್ನು ಸೊಗಸಾಗಿ ಆಡುತ್ತಾರೆ; ಲಿಪಿ ಮಾತ್ರ ಬಾರದು. ಅಜ್ಜಿಗೆ ಬೇಕಾದ ಪುಸ್ತಕವನ್ನು ತಾಣದಲ್ಲಿ ಹುಡುಕಿಕೊಡುವವರು ಇವರೇ. ಇವರಿಗಾಗಿ ನಾವು ಪಟ್ಟಿಯ ಕೊನೆಯಲ್ಲಿ ಶೀರ್ಷಿಕೆ ಮತ್ತು ಲೇಖಕರ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದ ಒಂದು ಕಾಲಮ್ಮನ್ನು ಸೇರಿಸಿದೆವು. ಹುಡುಕಾಟ ಎಲ್ಲ ಕಾಲಮ್ಮುಗಳಲ್ಲೂ ನಡೆಯುವುದರಿಂದ ಬೇರೇನೂ ಮಾಡಬೇಕಾಗಲಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ತಿದ್ದುವ ಪುಟದಲ್ಲಿ ಕಾಲಮ್ಮನ್ನು 'ಅಡಗಿಸು' ಎಂದು ಗುರುತಿಸಿದರೆ ಅದು ಓದುಗರ ಪುಟಕ್ಕೆ ಹೋಗುವುದೇ ಇಲ್ಲವಾದ್ದರಿಂದ ಹುಡುಕಾಟಕ್ಕೂ ಸಿಗುವುದಿಲ್ಲ. ಹಾಗಾಗಿ ಆ ಕಾಲಮ್ಮನ್ನು ನಾವು ಮರೆಮಾಡದೆ ಬಿಟ್ಟಿದ್ದೇವೆ. ತಾಣಕ್ಕೆ ಇದುವರೆಗೆ ಮಾಡಿದ ಸೇರ್ಪಡೆಗಳಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟಿರುವುದು ಇದು.

ಮೊಬೈಲಿನಲ್ಲಿ ಉಚಿತ ಆವೃತ್ತಿಯ ಸೌಲಭ್ಯ ಸೀಮಿತವೇ ಸರಿ. ಅಡ್ಡಡ್ಡಲಾಗಿ ಸರಿಸುವ ವ್ಯವಸ್ಥೆಯನ್ನು ಒಂದು ಟಿಕ್ ಹಾಕಿ ಪಡೆಯಬಹುದು. ಸಣ್ಣ ಪರದೆಯಲ್ಲಿ ಕಾಲಮ್ಮುಗಳನ್ನು ಒಂದರ ಕೆಳಗೊಂದು ಜೋಡಿಸಿ ತೋರಿಸುವ ರೂಪಕ್ಕೆ ಹಣ ಕೊಡಬೇಕು. ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತವರು ಅಡ್ಡಡ್ಡ ಸರಿಸುವುದು ಕಷ್ಟವೆಂದು ನಾವು ಕಾಲಮ್ಮುಗಳ ಸಂಖ್ಯೆಯನ್ನೇ ಇಳಿಸಿದೆವು. ಪ್ರಕಾಶಕರು, ಮುದ್ರಣದ ವರ್ಷ, ಪುಟಗಳ ಸಂಖ್ಯೆ ಇವೆಲ್ಲ ಎಕ್ಸೆಲ್ ಕಡತದಲ್ಲಿವೆ, ತಾಣದಲ್ಲಿಲ್ಲ. ಮೊದಲ ಸಾಲನ್ನು ಶೀರ್ಷಿಕೆಯ ಸಾಲೆಂದು ಗುರುತಿಸುವುದನ್ನು ಮಾತ್ರ ಯಾರೂ ಮರೆಯಬಾರದು. ಪರದೆಯನ್ನು ಓದಿಹೇಳುವ ತಂತ್ರಾಂಶವನ್ನು ಬಳಸುವ ಅಂಧ ಓದುಗರಿಗೆ ಯಾವ ಮನೆ ಯಾವ ಕಾಲಮ್ಮಿನದೆಂದು ತಿಳಿಯುವುದು ಅದರಿಂದಲೇ.

ದೊಡ್ಡ ಪಟ್ಟಿಗಳ ಬಗ್ಗೆ ಒಂದು ಮಾತು. ಪರದೆಯಲ್ಲಿ ಹತ್ತೇ ಸಾಲು ಕಾಣುತ್ತಿದ್ದರೂ ಉಚಿತ ಆವೃತ್ತಿಯಲ್ಲಿ ಇಡೀ ಕೋಷ್ಟಕ ಓದುಗರ ಫೋನಿಗೆ ಇಳಿದಿರುತ್ತದೆ. ಪುಟಗಳಾಗಿ ಒಡೆದು ತೋರಿಸುವ ಕೆಲಸ ನಡೆಯುವುದು ಅಲ್ಲಿ. ಸಾಲುಗಳು ಸಾವಿರಗಳ ಲೆಕ್ಕಕ್ಕೆ ಬೆಳೆದಂತೆ ಪುಟ ಭಾರವಾಗುತ್ತದೆ. ಕಾದಂಬರಿ, ಕಾವ್ಯ, ನಾಟಕ, ಮಕ್ಕಳ ಪುಸ್ತಕ ಎಂದು ನಾವು ಪಟ್ಟಿಯನ್ನು ಬೇರೆ ಬೇರೆ ಪುಟಗಳಿಗೆ ಹಂಚಿದ್ದೇವೆ. ಕೇಳಿದಷ್ಟೇ ಸಾಲುಗಳನ್ನು ಸರ್ವರಿನಿಂದ ತರುವ ವ್ಯವಸ್ಥೆ, ಹೊರಗಿನ ಕಡತದಿಂದ ನಿಗದಿತ ಹೊತ್ತಿಗೆ ತಾನಾಗಿ ಆಮದಾಗುವ ವ್ಯವಸ್ಥೆ ಇವೆರಡೂ ಮ್ಯಾಕ್ಸ್ ಆವೃತ್ತಿಯಲ್ಲಿವೆ. ಹತ್ತಾರು ಸಾವಿರ ಪುಸ್ತಕಗಳಿರುವ ಸಂಸ್ಥೆಗೆ ಅದು ಬೇಕಾದೀತು, ಆದರೆ ಅಷ್ಟು ದೊಡ್ಡ ಸಂಗ್ರಹವಿದ್ದವರು ಕೋಹಾದಂಥ ಗ್ರಂಥಾಲಯ ತಂತ್ರಾಂಶದತ್ತ ನೋಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಸದಸ್ಯರ ಎರವಲು ಖಾತೆ, ಗಡುವು, ದಂಡ ಇವನ್ನೆಲ್ಲ ನಡೆಸಲು ಟೇಬಲ್‌ಪ್ರೆಸ್ ಹುಟ್ಟಿದ್ದಲ್ಲ. ತೋರಿಸುವುದು ಅದರ ಕೆಲಸ.

ಎಕ್ಸೆಲ್‌ನಂತೆ ಸಮ ಚಿಹ್ನೆಯಿಂದ ಶುರುವಾಗುವ ಸೂತ್ರಗಳೂ ಇದರಲ್ಲಿ ನಡೆಯುತ್ತವೆ. ಕಟ್ಟಡ ನಿಧಿಯ ದೇಣಿಗೆಗಳ ಕೋಷ್ಟಕದಲ್ಲಿ ಒಟ್ಟು ಮೊತ್ತವನ್ನು ಅದರಿಂದಲೇ ತೋರಿಸುತ್ತೇವೆ. ಸದಸ್ಯರ ದೂರವಾಣಿ ಸಂಖ್ಯೆ, ವಿಳಾಸಗಳಿರುವ ಹಾಳೆಯನ್ನು ಮಾತ್ರ ಯಾರೂ ಇದರಲ್ಲಿ ಹಾಕಬಾರದು. ಪುಟದಲ್ಲಿರುವುದೆಲ್ಲ ಸಾರ್ವಜನಿಕ, ಹುಡುಕುಯಂತ್ರಗಳು ಅದನ್ನೂ ಅಷ್ಟೇ ಚೆನ್ನಾಗಿ ಓದುತ್ತವೆ.

ಪ್ಲಗಿನ್ ಸ್ಥಗಿತಗೊಳಿಸಿದರೆ ಕೋಷ್ಟಕದ ಜಾಗದಲ್ಲಿ ಚೌಕ ಆವರಣದೊಳಗಿನ ಶಾರ್ಟ್‌ಕೋಡ್ ಬರಿಯ ಪಠ್ಯವಾಗಿ ಉಳಿಯುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಒಳಗಿನ ಮಾಹಿತಿಯನ್ನು ಸಿಎಸ್‌ವಿ, ಎಚ್‌ಟಿಎಂಎಲ್, ಜೇಸನ್ ರೂಪಗಳಲ್ಲಿ ಯಾವಾಗ ಬೇಕಾದರೂ ಹೊರತೆಗೆದುಕೊಳ್ಳಬಹುದು, ಅದಕ್ಕೆ ಹಣವಿಲ್ಲ. ನಾಳೆ ಬೇರೆ ತಂತ್ರಾಂಶಕ್ಕೆ ಹೋಗುವ ದಾರಿ ತೆರೆದಿರುವುದು ಸಣ್ಣ ಸಂಘಗಳಿಗೆ ಬಹಳ ದೊಡ್ಡ ವಿಷಯ, ಏಕೆಂದರೆ ಇಲ್ಲಿ ಕಾರ್ಯಕಾರಿ ಸಮಿತಿ ಬದಲಾಗುತ್ತದೆ, ತಾಣ ನೋಡಿಕೊಳ್ಳುವವರು ಬದಲಾಗುತ್ತಾರೆ, ಕೆಲವೊಮ್ಮೆ ಹೋಸ್ಟಿಂಗ್ (ತಾಣಕ್ಕೆ ಸರ್ವರಿನಲ್ಲಿ ಜಾಗ) ಕೊಟ್ಟವರೂ ಬದಲಾಗುತ್ತಾರೆ. ನಾವು ಪ್ರತಿ ತಿಂಗಳ ಕೊನೆಯ ಭಾನುವಾರ ಎಲ್ಲ ಕೋಷ್ಟಕಗಳನ್ನೂ ಹೊರತೆಗೆದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಗ್ರಂಥಪಾಲಕಿಯ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡುತ್ತೇವೆ.

ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಇರುವ, ಎಕ್ಸೆಲ್ ಬಲ್ಲ ಒಬ್ಬರಾದರೂ ಇರುವ ಸಂಘಕ್ಕೆ ನಾನು ಉಚಿತ ಆವೃತ್ತಿಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಬ್ಲಾಗರ್‌ನಲ್ಲೋ ಗೂಗಲ್ ಸೈಟ್ಸ್‌ನಲ್ಲೋ ಪುಟ ನಡೆಸುತ್ತಿರುವವರಿಗೆ ಇದು ಒದಗುವುದಿಲ್ಲ. ಅವರು ಗೂಗಲ್ ಶೀಟ್ಸ್ ಹಾಳೆಯನ್ನೇ ಪ್ರಕಟಿಸಿಕೊಳ್ಳಬಹುದು. ಪ್ರೊ ಆವೃತ್ತಿಯನ್ನು ನಮ್ಮ ಸಮಿತಿ ಮುಂದೆ ಕೊಳ್ಳುವುದಾದರೆ ಅದು ಮೊಬೈಲಿನ ಜೋಡಣೆಗಾಗಿ ಮಾತ್ರ, ಅದೂ ವಾರ್ಷಿಕ ಶುಲ್ಕವನ್ನು ಹೊಸ ಪುಸ್ತಕಗಳ ಖರೀದಿಯ ಹಣದಿಂದ ತೆಗೆಯದೆ ಭರಿಸಲು ಸಾಧ್ಯವಾದಾಗ.