ಲಾ ವೆರಾನಾ, ಕಾಬ್ರಾಲೆಸ್ಸಾ? ಸ್ಪೇನಿನ ಹಳ್ಳಿ ಕಡೆ ಹೋಗುವವರಿಗೆ

ಸ್ಪೇನ್ ಅಂದರೆ ನಮ್ಮವರ ಪಟ್ಟಿಯಲ್ಲಿ ಬಾರ್ಸಿಲೋನಾ, ಮ್ಯಾಡ್ರಿಡ್, ಟೈಮ್ ಇದ್ದರೆ ಸೆವಿಲ್ಲೆ. ಅಲ್ಲಿನ ಹಳ್ಳಿಗಳಿಗೆ ಹೋಗಿಬಂದವರು ಕಡಿಮೆ. ನಾನು ಎರಡು ಕಡೆ ಉಳಿದುಕೊಂಡು, ತಿಂದು, ಓಡಾಡಿ ನೋಡಿದ್ದೇನೆ. ಒಂದು ಪಶ್ಚಿಮದ ಎಕ್ಸ್‌ತ್ರೆಮದೂರಾ ಪ್ರಾಂತ್ಯದ ಲಾ ವೆರಾ, ಇನ್ನೊಂದು ಉತ್ತರದ ಅಸ್ತೂರಿಯಾಸ್‌ನ ಕಾಬ್ರಾಲೆಸ್. ಬೆಟ್ಟ ನೋಡಬೇಕೆಂದರೆ ಕಾಬ್ರಾಲೆಸ್, ಊಟಕ್ಕಾದರೆ ಲಾ ವೆರಾ. ಒಂದೇ ಆರಿಸಿ ಅಂದರೆ ನನ್ನ ಓಟು ಲಾ ವೆರಾಗೆ.

ಕಾರಣ ಮೆಣಸಿನಕಾಯಿ. ಸ್ಪೇನಿನ ಅಡುಗೆಗೆ ಕೆಂಪು ಬಣ್ಣ ಮತ್ತು ಹೊಗೆಯ ವಾಸನೆ ಕೊಡುವ ಪಿಮೆಂತೋನ್ ಪುಡಿ ತಯಾರಾಗುವುದು ಈ ಊರುಗಳಲ್ಲೇ. ನೀವು ಹೋಗುವುದಾದರೆ ಅಕ್ಟೋಬರ್‌ನಲ್ಲೇ ಹೋಗಿ. ಕಾಯಿ ಕೊಯ್ದು ಒಣಗಿಸುವ ಕಾಲ ಅದು, ರಸ್ತೆಯಲ್ಲಿ ಹೋಗುವಾಗಲೇ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಸ್ಪೇನಿನ ಇನ್ನೊಂದು ಮೂಲೆಯ ಮುರ್ಸಿಯಾದಲ್ಲಿ ಮೆಣಸಿನಕಾಯಿಯನ್ನು ಬಿಸಿಲಲ್ಲಿ ಒಣಗಿಸುತ್ತಾರೆ. ಲಾ ವೆರಾದಲ್ಲಿ ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಶುರುವಾಗುತ್ತದೆ. ಹಾಗಾಗಿ ಕೆಳಗೆ ಓಕ್ ಕಟ್ಟಿಗೆ ಉರಿಸಿ, ಮೇಲೆ ಅಟ್ಟದ ಮೇಲೆ ಕಾಯಿ ಹರಡಿ, ಸುಮಾರು ಎರಡು ವಾರ ಹೊಗೆ ಹಾಕುತ್ತಾರೆ. ದಿನಾ ಕೈಯಿಂದ ಮಗುಚಬೇಕು. ಮಳೆಗೆ ಹೆದರಿ ಕಂಡುಕೊಂಡ ದಾರಿಯೇ ಇವತ್ತು ಅದರ ಹೆಸರಾಗಿದೆ, ಅಲ್ವಾ?

ಸಿಹಿ, ಸಿಹಿ-ಕಹಿ, ಖಾರ ಅಂತ ಮೂರು ಬಗೆ ಸಿಗುತ್ತದೆ. ಖಾರದ್ದು ಅಂದರೂ ನಮ್ಮ ನಾಲಿಗೆಗೆ ಏನೂ ಅನ್ನಿಸುವುದಿಲ್ಲ. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವ ವಿಷಯದಲ್ಲಿ ಬ್ಯಾಡಗಿಗೆ ಹತ್ತಿರ, ಆದರೆ ಆ ಹೊಗೆಯ ರುಚಿ ಬ್ಯಾಡಗಿಯಲ್ಲಿ ಇಲ್ಲ. ಎರಡರ ಮೂಲವೂ ಅಮೆರಿಕ ಖಂಡವೇ. ಕೊಲಂಬಸ್ ನಂತರ ಒಂದು ಕಡೆ ಸ್ಪೇನಿನ ಮಠಗಳ ತೋಟಕ್ಕೆ ಬಂತು, ಇನ್ನೊಂದು ಕಡೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಇದನ್ನು ಅಲ್ಲೇ ನಿಂತು ಯೋಚಿಸುವಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಊಟದಲ್ಲಿ ಪತಾತಾಸ್ ರೆವೊಲ್ಕೋನಾಸ್ ಖಂಡಿತ ತಿನ್ನಿ: ಬೇಯಿಸಿ ಮಸೆದ ಆಲೂಗಡ್ಡೆಗೆ ಬೆಳ್ಳುಳ್ಳಿ, ಎಣ್ಣೆ, ಪಿಮೆಂತೋನ್. ಮೇಲೆ ಹಂದಿಯ ಹೊಟ್ಟೆ ಭಾಗದ ಮಾಂಸ ಹುರಿದು ಹಾಕಿರುತ್ತಾರೆ, ಅದು ಬೇಡ ಅಂತ ಮೊದಲೇ ಹೇಳಬೇಕು. ಹಳೇ ಬ್ರೆಡ್ಡನ್ನು ಪುಡಿ ಮಾಡಿ ಹುರಿಯುವ ಮಿಗಾಸ್ ಕೂಡ ಹಾಗೆಯೇ, ಮಾಂಸ ಬಿಟ್ಟು ಮಾಡಿಕೊಡಿ ಅಂದರೆ ಕೆಲವರು ಮಾಡಿಕೊಡುತ್ತಾರೆ. ಆದರೆ ಒಂದು ಎಚ್ಚರಿಕೆ. 'ಮಾಂಸ ಬೇಡ' ಅಂದರೆ ಸಾಕಾಗುವುದಿಲ್ಲ, ಹಾಮೋನ್ ಅನ್ನುವ ಉಪ್ಪಿನ ಹಂದಿಮಾಂಸ ಬೇಡ, ಚೊರೀಸೊ ಅನ್ನುವ ಹಂದಿಮಾಂಸದ ಸಾಸೇಜ್ ಬೇಡ, ಮೀನೂ ಬೇಡ ಅಂತ ಒಂದೊಂದಾಗಿ ಹೇಳಬೇಕು.

ಸಸ್ಯಾಹಾರಿಗಳಿಗೆ ಇಲ್ಲಿ ಇನ್ನೊಂದು ಒಳ್ಳೆಯ ಸುದ್ದಿ ಇದೆ. ಅದೇ ಕಾಸೆರೆಸ್ ಜಿಲ್ಲೆಯ ತೋರ್ತಾ ದೆಲ್ ಕಾಸಾರ್ ಅನ್ನುವ ಕುರಿ ಹಾಲಿನ ಚೀಸ್‌ಗೆ ಹಾಲು ಒಡೆಯಲು ಕರುವಿನಂಥ ಪ್ರಾಣಿಗಳ ಹೊಟ್ಟೆಯಿಂದ ತೆಗೆಯುವ ರೆನೆಟ್ ಹಾಕುವುದಿಲ್ಲ, ಒಂದು ಜಾತಿಯ ಮುಳ್ಳುಗಿಡದ ಹೂವಿನಿಂದ ಹಾಲು ಒಡೆಯುತ್ತಾರೆ. ಮೇಲಿನ ಸಿಪ್ಪೆಯನ್ನು ಮುಚ್ಚಳದ ಹಾಗೆ ಕತ್ತರಿಸಿ ತೆಗೆದರೆ ಒಳಗೆ ಮೆತ್ತಗೆ ಹರಿಯುವ ಚೀಸ್, ಕೊನೆಯಲ್ಲಿ ಸ್ವಲ್ಪ ಕಹಿ. ಬ್ರೆಡ್ ಅದ್ದಿ ತಿನ್ನಬೇಕು. ನಾನು ಸ್ಪೇನಿನಲ್ಲಿ ತಿಂದ ಚೀಸ್‌ಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ನೋಡಲು ಯುಸ್ತೆ ಮಠ ಇದೆ. ಚಕ್ರವರ್ತಿ ಐದನೇ ಚಾರ್ಲ್ಸ್ ಅಧಿಕಾರ ಬಿಟ್ಟು 1557ರಲ್ಲಿ ಇಲ್ಲಿಗೆ ಬಂದು, 1558ರಲ್ಲಿ ಇಲ್ಲೇ ತೀರಿಕೊಂಡ. ಹತ್ತಿರದ ಗಾರ್ಗಾಂತಾ ಲಾ ಒಯ್ಯಾದಲ್ಲಿ ಮರದ ಚೌಕಟ್ಟಿನ ಹಳೇ ಮನೆಗಳು, ಬೆಟ್ಟದಿಂದ ಇಳಿಯುವ ಹೊಳೆಗಳ ಗುಂಡಿಗಳಲ್ಲಿ ಈಜು. ನೀರು ತುಂಬಾ ತಣ್ಣಗಿರುತ್ತದೆ.

ಕಾಬ್ರಾಲೆಸ್‌ನದ್ದು ಬೇರೆಯೇ ಲೋಕ. ಪೀಕೋಸ್ ದೆ ಯುರೋಪಾ ಸುಣ್ಣಕಲ್ಲಿನ ಬೆಟ್ಟಗಳ ಬುಡ, ಮಂಜು, ಮಳೆ, ಎಲ್ಲೆಲ್ಲೂ ಹಸಿರು. ಕಾರೆಸ್ ಕಣಿವೆಯ ದಾರಿ ಪೊನ್ಸೆಬೋಸ್‌ನಿಂದ ಕಾಯಿನ್‌ವರೆಗೆ ಒಂದು ಕಡೆಗೇ ಸುಮಾರು 12 ಕಿ.ಮೀ. ವಿದ್ಯುತ್ ಯೋಜನೆಯ ಕಾಲುವೆ ನೋಡಿಕೊಳ್ಳಲು ಬಂಡೆ ಕೊರೆದು ಮಾಡಿದ ದಾರಿ ಅದು, ಬಹುಪಾಲು ಕಡೆ ಪಕ್ಕದಲ್ಲಿ ತಡೆಗೋಡೆ ಇಲ್ಲ, ಕೆಳಗೆ ಆಳ ನೋಡಿದರೆ ತಲೆ ತಿರುಗುವವರು ಇದರ ಬದಲು ಬುಲ್ನೆಸ್‌ಗೆ ಹೋಗುವುದು ಒಳ್ಳೆಯದು. 2001ರವರೆಗೆ ಆ ಹಳ್ಳಿಗೆ ಕಾಲುದಾರಿ ಬಿಟ್ಟರೆ ಬೇರೇನೂ ಇರಲಿಲ್ಲ. ಈಗ ಬೆಟ್ಟದೊಳಗಿನ ಸುರಂಗದಲ್ಲಿ ಹಗ್ಗದಿಂದ ಎಳೆಯುವ ರೈಲಿದೆ. ಈ ನೋಟಕ್ಕೆ ಲಾ ವೆರಾದಲ್ಲಿ ಸಾಟಿ ಇಲ್ಲ, ಅದನ್ನು ಒಪ್ಪಲೇಬೇಕು.

ಆದರೆ ತಟ್ಟೆಗೆ ಬಂದರೆ? ಇಲ್ಲಿನ ಹೆಮ್ಮೆ ಫಬಾದಾ: ದೊಡ್ಡ ಬಿಳಿ ಕಾಳು ರಾತ್ರಿ ನೆನೆಸಿ, ಹಂದಿಮಾಂಸ, ರಕ್ತದ ಸಾಸೇಜ್ ಜೊತೆ ನಿಧಾನವಾಗಿ ಬೇಯಿಸಿದ್ದು. ಮಾಂಸ ತಿನ್ನುವವರಿಗೆ ಹಬ್ಬ. ತಿನ್ನದವರಿಗೆ ಉಳಿಯುವುದು ಮೆಕ್ಕೆಜೋಳದ ಹಿಟ್ಟಿನ ಸಣ್ಣ ರೊಟ್ಟಿಯಂಥ ತೋರ್ತೋಗಳು, ಗುಹೆಯಲ್ಲಿ ಕನಿಷ್ಠ ಎರಡು ತಿಂಗಳು ಮಾಗಿಸಿದ ನೀಲಿ ಕಾಬ್ರಾಲೆಸ್ ಚೀಸ್, ಆಮೇಲೆ ಮೇಲೆ ಸಕ್ಕರೆ ಸುಟ್ಟ ಅಕ್ಕಿ ಪಾಯಸ. ಪಾಯಸ ನಮ್ಮವರಿಗೆ ತಕ್ಷಣ ಹಿಡಿಸುತ್ತದೆ. ಚೀಸ್ ತುಂಬಾ ಘಾಟು, ಸ್ವಲ್ಪವೇ ಹಾಕಿಕೊಂಡು ಶುರು ಮಾಡಿ.

ಸಿದ್ರಾ ಅನ್ನುವ ಸೇಬಿನ ಮದ್ಯ ಸುರಿಯುವುದನ್ನು ನೋಡುವುದು ಮಾತ್ರ ತಪ್ಪಿಸಬೇಡಿ. ಬಾಟಲಿ ತಲೆಗಿಂತ ಮೇಲೆ, ಗ್ಲಾಸು ಸೊಂಟದ ಕೆಳಗೆ, ಒಂದೇ ಗುಟುಕಿನಷ್ಟು. ಎತ್ತರದಿಂದ ಬಿದ್ದು ನೊರೆ ಏಳುವಾಗಲೇ ಕುಡಿಯಬೇಕು, ಬಿಟ್ಟರೆ ಸಪ್ಪೆ. ಈ ಸಿದ್ರಾ ಸಂಸ್ಕೃತಿಯನ್ನು 2024ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು.

ಓಡಾಟದ ವಿಷಯಕ್ಕೆ ಬಂದರೆ ಎರಡೂ ಕಡೆ ಬಾಡಿಗೆ ಕಾರು ಇದ್ದರೆ ಅನುಕೂಲ, ಬಸ್ಸುಗಳು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಮ್ಯಾಡ್ರಿಡ್‌ನಿಂದ ಲಾ ವೆರಾ 200 ಕಿ.ಮೀ. ಆಸುಪಾಸು. ಕಾಬ್ರಾಲೆಸ್ ಅದರ ಎರಡರಷ್ಟಕ್ಕೂ ಜಾಸ್ತಿ ದೂರ. ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದ್ದು ಒಂಬತ್ತರ ಮೇಲೆ. ಮಕ್ಕಳಿದ್ದರೆ ಕೈಯಲ್ಲಿ ಏನಾದರೂ ತಿಂಡಿ ಇರಲಿ. ಜುಲೈ, ಆಗಸ್ಟ್‌ನಲ್ಲಿ ಎಕ್ಸ್‌ತ್ರೆಮದೂರಾದ ಬಿಸಿಲು 40 ಡಿಗ್ರಿ ದಾಟುವುದುಂಟು, ಆಗ ಮಾತ್ರ ಯೋಚನೆ ಮಾಡದೆ ಕಾಬ್ರಾಲೆಸ್‌ಗೆ ಹೋಗಿ.