ಪೈಥಾನ್ ಎರರ್ ಮೆಸೇಜ್‌ಗಳ ಜೊತೆ ಇಷ್ಟು ವರ್ಷ: 3.6ರಿಂದ 3.14ರ ತನಕ

ನಾನು ತಿಪಟೂರಲ್ಲಿ ಸಂಜೆ ಹೊತ್ತು ಮನೇಲೇ ಕಾಲೇಜು ಮಕ್ಕಳಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡ್ತೀನಿ. 2017ರಲ್ಲಿ 3.6 ವರ್ಷನ್ ಇಟ್ಕೊಂಡು ಶುರು ಮಾಡಿದ್ದು, ಈಗ 3.14ಕ್ಕೆ ಬಂದಿದೀನಿ. ಪೈಥಾನ್ ಸುಲಭ, ಲೈಬ್ರರಿ ಬೇಕಾದಷ್ಟಿದೆ ಅಂತ ಎಲ್ಲರೂ ಬರೀತಾರೆ, ನಾನು ಮತ್ತೆ ಬರೆಯಲ್ಲ. ನನ್ನ ಮಕ್ಕಳು ದಿನಾ ಅತಿ ಹೆಚ್ಚು ಓದೋದು ಪುಸ್ತಕ ಅಲ್ಲ, ಕೋಡಲ್ಲಿ ತಪ್ಪಾದಾಗ ಬರೋ ಎರರ್ ಮೆಸೇಜು, ಅದಕ್ಕೇ ಈ ರಿವ್ಯೂ ಅದರ ಬಗ್ಗೆ ಮಾತ್ರ.

ಬರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕನ್ನಡ ಮೀಡಿಯಂ. ಅವರು ಇಂಗ್ಲಿಷ್ ಸಾಲನ್ನ ಒಂದೊಂದೇ ಪದ ಬಿಡಿಸಿ ಓದಲ್ಲ, ಬಸ್ ಬೋರ್ಡ್ ಗುರುತು ಹಿಡಿಯೋ ಹಾಗೆ ಇಡೀ ಸಾಲಿನ ಆಕಾರ ನೋಡಿ ಗುರುತು ಹಿಡೀತಾರೆ. ನೋಟ್‌ಬುಕ್ಕಲ್ಲಿ ಎಡಗಡೆ ಮೆಸೇಜು, ಬಲಗಡೆ ಏನು ಮಾಡ್ಬೇಕು ಅಂತ ಬರ್ಕೋತಾರೆ. ಒಂದು ತಪ್ಪಿಗೆ ಯಾವಾಗ್ಲೂ ಒಂದೇ ಸಾಲು ಬಂದ್ರೆ ಎರಡೇ ವಾರಕ್ಕೆ ತಾವೇ ಸರಿ ಮಾಡ್ಕೋತಾರೆ, ಅದೇ ತಪ್ಪಿಗೆ ಬೇರೆ ಸಾಲು ಬಂತು ಅಂದ್ರೆ "ಮಿಸ್, ಇದು ಹೊಸ ಎರರ್" ಅಂತ ಕೈ ಎತ್ತಿ ಕೂತ್ಬಿಡ್ತಾರೆ.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ನಿಜವಾಗ್ಲೂ ತುಂಬಾ ಒಳ್ಳೇದಾಗಿದೆ. ಕೊಬ್ಬರಿ ರೇಟಿನ ಡಿಕ್ಷನರಿ (ಒಂದೊಂದು ಹೆಸರಿಗೂ ಒಂದು ಬೆಲೆ ಜೋಡಿಸಿಟ್ಟ ಪಟ್ಟಿ) ಬರೆದು ಕೊನೇ ಕರ್ಲಿ ಬ್ರಾಕೆಟ್ ಹಾಕೋದು ಮರೆತ್ರೆ ಮುಂಚೆ ಪೈಥಾನು ಮುಂದಿನ ಸಾಲನ್ನ ತೋರಿಸಿ ಬರೀ "ಇನ್‌ವ್ಯಾಲಿಡ್ ಸಿಂಟ್ಯಾಕ್ಸ್" ಅಂತಿತ್ತು, ಆ ಸಾಲಲ್ಲಿ ಏನೂ ತಪ್ಪಿರ್ತಿರಲಿಲ್ಲ, ಮಕ್ಕಳು ಸರಿ ಇರೋದನ್ನೇ ಅಳಿಸಿ ಅಳಿಸಿ ಬರೀತಿದ್ರು. 2021ರಲ್ಲಿ 3.10 ಬಂದ್ಮೇಲೆ ಆ ಬ್ರಾಕೆಟ್ಟಿಗೇ ಬೊಟ್ಟು ಮಾಡಿ "ವಾಸ್ ನೆವರ್ ಕ್ಲೋಸ್ಡ್" ಅನ್ನುತ್ತೆ. 3.9ರಲ್ಲಿ ಪಾರ್ಸರನ್ನೇ (ನಾವು ಬರೆದ ಕೋಡನ್ನ ಓದಿ ಬಿಡಿಸಿ ನೋಡೋ ಭಾಗ) ಹೊಸದಾಗಿ ಬರೆದಿದ್ರಿಂದ ಇಂಥದ್ದೆಲ್ಲ ಸಾಧ್ಯ ಆಯ್ತು. 3.11ರಿಂದ ಸಾಲಿನೊಳಗೆ ಯಾವ ಭಾಗದಲ್ಲಿ ಕೆಟ್ಟಿದೆ ಅಂತ ಕೆಳಗೆ ಗುರುತು ಹಾಕುತ್ತೆ, 3.12ರಲ್ಲಿ "ಇಂಪೋರ್ಟ್ ಮಾಡೋದು ಮರೆತ್ರಾ" ಅಂತ ಕೇಳೋಕೆ ಶುರು ಮಾಡ್ತು (ಬೇರೆ ಕಡೆ ಇರೋ ಕೋಡನ್ನ ನಮ್ಮ ಪ್ರೋಗ್ರಾಮಿಗೆ ತರೋದೇ ಇಂಪೋರ್ಟ್). 3.13ದು ನನಗೆ ಎಲ್ಲಕ್ಕಿಂತ ಇಷ್ಟ. ಹುಡುಗರು ರ‍್ಯಾಂಡಮ್ ಮಾಡ್ಯೂಲ್ (ಪೈಥಾನ್ ಜೊತೆಗೇ ಬರೋ ರೆಡಿ ಕೋಡ್) ಕಲಿಯೋ ದಿನ ಫೈಲಿಗೂ ಅದೇ ಹೆಸರಿಡ್ತಾರೆ, ಆಗ ಇಂಪೋರ್ಟ್ ಆಗೋದು ಅವರ ಫೈಲೇ. ಈಗ ಮೆಸೇಜೇ ಹೇಳುತ್ತೆ, ಈ ಫೈಲಿನ ಹೆಸರು ಸ್ಟ್ಯಾಂಡರ್ಡ್ ಲೈಬ್ರರಿ ಮಾಡ್ಯೂಲಿನ ಹೆಸರೇ ಆಗಿದೆ, ಬದಲಾಯಿಸಿ ಅಂತ, ಫೈಲ್ ಎಲ್ಲಿದೆ ಅನ್ನೋದನ್ನೂ ಸೇರಿಸಿ.

ಇನ್ನು ನನಗೆ ಬೇಜಾರಾಗಿರೋ ವಿಷಯ. ಮೂಟೆ ತೂಕ ಇನ್‌ಪುಟ್ ತಗೊಂಡು ಅದಕ್ಕೆ 5 ಕೂಡಿಸಿ ಅಂತೀನಿ, ಇನ್‌ಪುಟ್ ಸ್ಟ್ರಿಂಗ್ ಆಗಿ, ಅಂದ್ರೆ ನಂಬರಲ್ಲದೆ ಬರೀ ಅಕ್ಷರಗಳ ಸಾಲಾಗಿ, ಬರುತ್ತೆ ಅನ್ನೋದು ಮರೀತಾರೆ, ಎಲ್ಲರೂ ಮಾಡೋ ತಪ್ಪೇ. "10" + 5 ಅಂತ ಬರೆದವನಿಗೆ "ಕ್ಯಾನ್ ಓನ್ಲಿ ಕಾನ್ಕ್ಯಾಟಿನೇಟ್ ಸ್ಟ್ರಿಂಗ್" ಅಂತ ಬರುತ್ತೆ, ಪಕ್ಕದಲ್ಲಿ ಕೂತು 5 + "10" ಅಂತ ಬರೆದವಳಿಗೆ "ಅನ್‌ಸಪೋರ್ಟೆಡ್ ಆಪರೆಂಡ್ ಟೈಪ್" ಅಂತ ಬರುತ್ತೆ. ತಪ್ಪು ಒಂದೇ, ಸರಿ ಮಾಡೋ ದಾರಿನೂ ಒಂದೇ, ಎಡಗಡೆ ಯಾವುದಿದೆ ಅನ್ನೋದರ ಮೇಲೆ ಸಾಲು ಪೂರ್ತಿ ಬೇರೆ. ಕೂಡೋ ಕೆಲಸ ಮೊದಲು ಎಡಗಡೆ ವಸ್ತುವಿನ ಪಾಲಿಗೆ ಹೋಗುತ್ತೆ, ಸ್ಟ್ರಿಂಗಿನ ಮೆಸೇಜನ್ನ ಬರೆದಿರೋ ಜಾಗ ಬೇರೆ, ನಂಬರಿನದ್ದು ಬೇರೆ, ಅದಕ್ಕೇ ಹೀಗೆ. ಒಳಗಡೆ ಕಾರಣ ಇದೆ ಒಪ್ತೀನಿ, ಆದ್ರೆ ಕಲಿಯೋ ಹುಡುಗಿಗೆ ಒಳಗಡೆ ವಿಷಯ ಯಾಕೆ ಗೊತ್ತಿರಬೇಕು? ಇದೇ ತಪ್ಪಿಗೆ 3.6ರಲ್ಲಿ "ಮಸ್ಟ್ ಬಿ ಸ್ಟ್ರಿಂಗ್, ನಾಟ್ ಇಂಟ್" ಅಂತ ಬರ್ತಿತ್ತು, ಅಲ್ಲಿಗೆ ನನ್ನ ಹಳೇ ನೋಟ್ಸಲ್ಲಿ ಮೂರು ಸಾಲಾಯ್ತು.

ಅಕ್ಷರ ಸೇರಿರೋ ಸ್ಟ್ರಿಂಗನ್ನ ಪೂರ್ಣ ಸಂಖ್ಯೆ ಮಾಡೋಕೆ ಹೋದ್ರೆ "ಇನ್‌ವ್ಯಾಲಿಡ್ ಲಿಟರಲ್ ... ವಿತ್ ಬೇಸ್ 10", ದಶಮಾಂಶ ಮಾಡೋಕೆ ಹೋದ್ರೆ "ಕುಡ್ ನಾಟ್ ಕನ್ವರ್ಟ್ ಸ್ಟ್ರಿಂಗ್ ಟು ಫ್ಲೋಟ್". ಎರಡನೇದು ಎಷ್ಟು ಚೆನ್ನಾಗಿದೆ ನೋಡಿ, ಅದನ್ನೇ ಎರಡೂ ಕಡೆ ಹಾಕಬಹುದಿತ್ತು. ಪಿಎಚ್‌ಪಿ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಬಲ್ ಕೋಲನ್ನಿಗೆ (::) ಹೀಬ್ರೂ ಹೆಸರಿತ್ತು, ಇಂಗ್ಲಿಷ್ ಮೆಸೇಜಿನ ಮಧ್ಯೆ "ಪಾಮಾಯಿಮ್ ನೆಕುದೋತಾಯಿಮ್" ಅಂತ ಬಂದಾಗ ಪ್ರೋಗ್ರಾಮರ್‌ಗಳೇ ಗಾಬರಿ ಬೀಳ್ತಿದ್ರು. ನನ್ನ ಮಕ್ಕಳಿಗೆ "ಲಿಟರಲ್" ಅನ್ನೋದೂ ಹಾಗೇ.

ಡಿಕ್ಷನರಿಯಲ್ಲಿ ಇಲ್ಲದ ಹೆಸರು (ಕೀ) ಹುಡುಕಿ ಕೀ ಎರರ್ ಬಂದಾಗ ಬರೀ "ಅರಸೀಕೆರೆ" ಅಂತ ಕೀ ಒಂದನ್ನ ತೋರಿಸಿ ಸುಮ್ಮನಾಗುತ್ತೆ, ಏನಾಯ್ತು ಅನ್ನೋ ವಾಕ್ಯ ಇಲ್ಲ. ಲಿಸ್ಟಲ್ಲಿ ಇಲ್ಲದ ಸ್ಥಾನ (ಇಂಡೆಕ್ಸ್) ಕೇಳಿದ್ರೆ ಬರೋ ಇಂಡೆಕ್ಸ್ ಎರರ್‌ನಲ್ಲಿ ವಾಕ್ಯ ಇದೆ, ಆದ್ರೆ ಯಾವ ಇಂಡೆಕ್ಸ್ ಅನ್ನೋ ನಂಬರಿಲ್ಲ. ಎರಡೂ ಹುಡುಕಿದ್ದು ಸಿಗಲಿಲ್ಲ ಅನ್ನೋ ತಪ್ಪೇ, ಎರಡಕ್ಕೂ ಎರಡೂ ಬೇಕು.

ಒಬ್ಬ ಹುಡುಗ ವೇರಿಯಬಲ್ (ಕೋಡಲ್ಲಿ ಮಾಹಿತಿ ಇಡೋ ಡಬ್ಬಿ) ಹೆಸರನ್ನ ಕನ್ನಡದಲ್ಲೇ ಇಟ್ಟ, ಪೈಥಾನ್ 3 ಅದಕ್ಕೆ ಬಿಡುತ್ತೆ. "ಬೆಲೆ" ನಡೀತು, "ತೂಕ" ನಡೀತು, "ಕ್ವಿಂಟಾಲ್‌ಬೆಲೆ" ಅಂದಾಗ 3.10 "ಇನ್‌ವ್ಯಾಲಿಡ್ ನಾನ್-ಪ್ರಿಂಟೆಬಲ್ ಕ್ಯಾರೆಕ್ಟರ್ ಯು+200ಸಿ" ಅಂತು. ಒತ್ತಕ್ಷರ ಆಗದೇ ಇರ್ಲಿ ಅಂತ ಲ್ ಆದ್ಮೇಲೆ ನಾವು ಹಾಕೋ ಕಣ್ಣಿಗೆ ಕಾಣದ ಅಕ್ಷರ ಅದು. ಕೋಡ್ ನಂಬರ್ ಕೊಟ್ಟಿದ್ರಿಂದಲೇ ಹುಡುಕೋಕೆ ಸಿಕ್ತು, ಬರೀ ಇನ್‌ವ್ಯಾಲಿಡ್ ಸಿಂಟ್ಯಾಕ್ಸ್ ಅಂದಿದ್ರೆ ಇಡೀ ಸಂಜೆ ಹೋಗ್ತಿತ್ತು.

ನಂಬರ್ ಅಂದ್ರೆ ರಸ್ಟ್ ಅನ್ನೋ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ನೆನಪಾಗುತ್ತೆ. ಅಲ್ಲಿ ಬಹಳಷ್ಟು ಎರರ್‌ಗಳಿಗೆ ಇ0308 ಥರ ಒಂದು ನಂಬರಿದೆ, ಟೈಪ್ (ನಂಬರೋ ಸ್ಟ್ರಿಂಗೋ ಅನ್ನೋದು) ಹೊಂದದೇ ಇದ್ರೆ ಅದೇ ನಂಬರು, ಕಂಪೈಲರಿಗೆ (ಕೋಡನ್ನ ಮೆಷಿನ್ ಭಾಷೆಗೆ ಬದಲಾಯಿಸೋ ಪ್ರೋಗ್ರಾಮ್) ಆ ನಂಬರ್ ಕೊಟ್ರೆ ಉದಾಹರಣೆ ಸಮೇತ ವಿವರಿಸುತ್ತೆ. ಮೆಸೇಜಲ್ಲಿ "ಇಲ್ಲೀಗಲ್" ಅನ್ನಬೇಡಿ, "ಇನ್‌ವ್ಯಾಲಿಡ್" ಅನ್ನಿ ಅಂತ ಕಂಪೈಲರ್ ಬರೆಯೋರಿಗೆ ಲಿಖಿತ ನಿಯಮಾನೇ ಇದೆ. ಪೈಥಾನಿನಲ್ಲೂ ಹೀಗೆ ನಂಬರಿದ್ದಿದ್ರೆ ಸಾಲು ಬದಲಾದ್ರೂ ಮಕ್ಕಳ ನೋಟ್‌ಬುಕ್ ಹಾಳಾಗ್ತಿರಲಿಲ್ಲ.

5ಕ್ಕೆ 4 ಸ್ಟಾರ್ ಕೊಡ್ತೀನಿ. ಮುಂಚೆ 3 ಕೊಡ್ತಿದ್ದೆ, 3.14 ನೋಡಿ ಏರಿಸಿದೆ. ಲಿಸ್ಟನ್ನ ಬಿಡಿಸಿ ವೇರಿಯಬಲ್‌ಗಳಿಗೆ ಹಾಕುವಾಗ ಕಮ್ಮಿ ಬಿದ್ರೆ ಎಷ್ಟು ಬೇಕಿತ್ತು, ಎಷ್ಟು ಸಿಕ್ತು ಎರಡೂ ಹೇಳ್ತಿತ್ತು, ಜಾಸ್ತಿ ಆದ್ರೆ ಎಷ್ಟು ಬೇಕಿತ್ತು ಅಂತ ಮಾತ್ರ ಹೇಳ್ತಿತ್ತು. ಈಗ ಅಲ್ಲೂ ಎರಡೂ ಹೇಳುತ್ತೆ. ಸಣ್ಣ ಬದಲಾವಣೆ ಅನ್ಸಬಹುದು, ನನಗಂತೂ ಯಾರೋ ಎರಡೂ ಸಾಲನ್ನ ಪಕ್ಕಪಕ್ಕ ಇಟ್ಟು ಓದಿದಾರೆ ಅಂತ ಖುಷಿ ಆಯ್ತು.

ಹೊಸದಾಗಿ ಕಲಿಯೋರು 3.13 ಅಥವಾ 3.14 ಹಾಕ್ಕೊಳ್ಳಿ. ಈ ಬ್ಯಾಚಿನ ಒಬ್ಬಳು ಮನೇಲಿ ಹೊಸದು ಹಾಕ್ಕೊಂಡು ನೋಟ್‌ಬುಕ್ಕಿನ ಹಳೇ ಬ್ರಾಕೆಟ್ ಪುಟ ಹರಿಯೋಕೆ ಹೊರಟಿದ್ಲು, ಬೇಡಮ್ಮ ಇಟ್ಕೋ ಅಂದೆ. ಅವಳ ಕಾಲೇಜ್ ಲ್ಯಾಬಲ್ಲಿ ಇನ್ನೂ 3.8 ಇದೆ, ಪ್ರಾಕ್ಟಿಕಲ್ ಎಕ್ಸಾಮ್ ನಡೆಯೋದು ಅಲ್ಲೇ.